ಎಣಿಕೆ ಮುಗಿದ ಮೇಲೆ ಅಣ್ಣ ಮಾತು ಬಿಟ್ಟರೆ?

ಪ್ರೀತಿಯ ಪುಟ್ಟ,

ನಿನ್ನ ಪತ್ರ ಓದಿದೆ. ಕೊಳೆ ರೋಗ, ಅಮ್ಮನ ಮಂಡಿನೋವು, ಅರ್ಧಕ್ಕೆ ನಿಂತ ರಸ್ತೆ, ಇದೆಲ್ಲ ಫೋನಿನಲ್ಲಿ ಕೇಳಿದ್ದೇ, ಅದರ ಬಗ್ಗೆ ಮತ್ತೆ ಬರೆಯುವುದಿಲ್ಲ. ಆದರೆ ಕೊನೆಯಲ್ಲಿ ಸುಮ್ನೆ ಸೇರಿಸಿದ ಹಾಗೆ ಒಂದು ಮಾತು ಬರೆದಿದ್ದೀಯಲ್ಲ, "ಬೂತಿನಲ್ಲಿ ಅಣ್ಣ ಅವರ ಪಕ್ಷದ ಏಜೆಂಟ್, ನಾನು ನಮ್ಮ ಪಕ್ಷದ ಏಜೆಂಟ್, ಎಣಿಕೆ ಮುಗಿದ ಮೇಲೆ ಅವನು ಮಾತು ಬಿಟ್ಟರೆ ಏನು ಮಾಡಲಿ ಅತ್ತೆ" ಅಂತ. ಅದು ನನ್ನ ನಿದ್ದೆ ಕೆಡಿಸಿತು. ಗೆಲ್ತೀವಾ ಸೋಲ್ತೀವಾ ಅಂತ ಕೇಳಿದ್ದರೆ ಗೊತ್ತಿಲ್ಲ ಮಾರಾಯ ಅಂತ ಬರೆದು ಕೈ ತೊಳೆದುಕೊಳ್ಳುತ್ತಿದ್ದೆ. ನೀನು ಕೇಳಿದ್ದು ಅದಲ್ಲ.

ಶಿವಮೊಗ್ಗ ಲೋಕಸಭಾ ಕ್ಷೇತ್ರ ಈಗ ಒಂದೇ ಕಡೆ ವಾಲಿದೆ, ಜಗಳ ಆಡೋಕೆ ಏನಿದೆ ಅಂತ ನಿನ್ನ ಗೆಳೆಯರು ಹೇಳಿದರಂತೆ. 2009ರಿಂದ ಬಿಜೆಪಿಯೇ ಗೆದ್ದಿದೆ, ನಿಜ. ಆದರೆ ಅಂತರ ಹೇಗೆ ಕುಣಿದಿದೆ ನೋಡು. 2009ರಲ್ಲಿ ಬಿಜೆಪಿಯ ಬಿ.ವೈ. ರಾಘವೇಂದ್ರ ಅವರು ಬಂಗಾರಪ್ಪನವರನ್ನು ಸೋಲಿಸಿದ್ದು 52,893 ಮತಗಳಿಂದ. 2014ರಲ್ಲಿ ಯಡಿಯೂರಪ್ಪನವರು ನಿಂತಾಗ ಅದು 3,63,305 ಆಯಿತು. 2018ರ ನವೆಂಬರ್ ಉಪಚುನಾವಣೆಯಲ್ಲಿ ರಾಘವೇಂದ್ರ ಅವರ ಎದುರು ಮಧು ಬಂಗಾರಪ್ಪ ನಿಂತಾಗ ಮತ್ತೆ 52,148ಕ್ಕೆ ಇಳಿಯಿತು. ಅಪ್ಪನ ಸೋಲಿಗೂ ಮಗನ ಸೋಲಿಗೂ ಸಾವಿರ ವೋಟಿನ ವ್ಯತ್ಯಾಸವೂ ಇಲ್ಲ! ಆರು ತಿಂಗಳು ಕಳೆದು ಅದೇ ಇಬ್ಬರು ಮತ್ತೆ ನಿಂತರು, ಅಂತರ 2,23,360. ಇದೇ ಜನ, ಇದೇ ಊರು. ಹಾಗಾಗಿ ಇದು ಯಾವತ್ತೂ ಒಂದೇ ಕಡೆ ಅಂತ ನಂಬಿಕೊಂಡು ಬೂತಿನಲ್ಲಿ ಕೂರಬೇಡ. ಅಣ್ಣನೂ ಹಾಗೆ ನಂಬಿ ಕೂತಿರಬಾರದು. ಗೆದ್ದೇ ಗೆಲ್ತೀವಿ ಅಂತ ಕೂತವನಿಗೆ ಸೋತಾಗ ಸಿಟ್ಟು ಜಾಸ್ತಿ, ಆ ಸಿಟ್ಟು ತೀರಿಸಿಕೊಳ್ಳೋಕೆ ಮನೆಯವರೇ ಹತ್ತಿರ ಸಿಗುವುದು.

ಅಜ್ಜಯ್ಯನ ಕಾಲದಲ್ಲಿ ಇಷ್ಟು ಏರುಪೇರು ಇರಲಿಲ್ಲ. ಮೊದಲಿಂದ ಕಾಂಗ್ರೆಸ್. ನಡುವೆ 1967ರಲ್ಲಿ ಒಂದು ಸಲ ಸಮಾಜವಾದಿ ಜೆ.ಎಚ್. ಪಟೇಲರು ಗೆದ್ದರು. ಲೋಕಸಭೆಯಲ್ಲಿ ಮೊದಲ ಸಲ ಕನ್ನಡದಲ್ಲಿ ಮಾತಾಡಿದವರು ಅವರೇ, ಆ ಸುದ್ದಿಯನ್ನು ಅಜ್ಜಯ್ಯ ತನ್ನ ಸ್ವಂತ ಗೆಲುವಿನ ಹಾಗೆ ಊರೆಲ್ಲ ಹೇಳಿಕೊಂಡು ತಿರುಗಿದ್ದರಂತೆ. 1971ರಲ್ಲಿ ಮತ್ತೆ ಕಾಂಗ್ರೆಸ್. 1977ರಲ್ಲಿ ಉತ್ತರದ ಕಡೆ ಕಾಂಗ್ರೆಸ್ ಕೊಚ್ಚಿಹೋದಾಗಲೂ ಇಲ್ಲಿ ಬದರಿನಾರಾಯಣ ಅವರು ಅದೇ ಪಕ್ಷದಿಂದ ಗೆದ್ದರು. ಇದೇ ಬದರಿನಾರಾಯಣರನ್ನು 1952ರ ವಿಧಾನಸಭೆಗೆ ಸಾಗರ ಹೊಸನಗರದಲ್ಲಿ ಸೋಲಿಸಿದ್ದು ಶಾಂತವೇರಿ ಗೋಪಾಲಗೌಡರು. 1957ರಲ್ಲಿ ತೀರ್ಥಹಳ್ಳಿಯಲ್ಲಿ ಗೌಡರು ಅವರ ಎದುರು ಸೋತರು, 1962ರಲ್ಲಿ ಮತ್ತೆ ಗೌಡರೇ ಗೆದ್ದರು. ಕಾಗೋಡು ಗೇಣಿದಾರರ ಹೋರಾಟದ ಬಿಸಿ ಆರದ ದಿನಗಳು ಅವು. ಆಗಲೂ ಮನೆ ಮನೆಯಲ್ಲಿ ವಾದ ಇತ್ತು, ಇಲ್ಲ ಅಂತಲ್ಲ.

ನಮ್ಮ ಮನೆಗೆ ಬಿಸಿ ತಟ್ಟಿದ್ದು 1996ರಲ್ಲಿ. ನಿನ್ನ ಅಪ್ಪಯ್ಯನಿಗೂ ನಮ್ಮ ಮನೆಯವರು ನಿನ್ನ ಮಾವನಿಗೂ ಮಾತಿರಲಿಲ್ಲ ಅನ್ನುವುದು ನಿನಗೆ ಗೊತ್ತು, ಅದನ್ನು ಬಿಡು. ನಿನಗೆ ಗೊತ್ತಿಲ್ಲದ್ದು ಅದು ಎಷ್ಟು ತಮಾಷೆಯಾಗಿತ್ತು ಅನ್ನುವುದು. ನೀನಾಗ ಚಡ್ಡಿ ಹಾಕಿಕೊಂಡು ಅಂಗಳದಲ್ಲಿ ಆಡ್ತಿದ್ದೆ.

ಆ ಸಲ ಬಂಗಾರಪ್ಪನವರು ಕಾಂಗ್ರೆಸ್ ಬಿಟ್ಟು ಸ್ವಂತ ಪಕ್ಷ ಕಟ್ಟಿ ನಿಂತರು, ಗೆದ್ದರು. ಅಪ್ಪಯ್ಯ ಅವರ ಹಿಂದೆ ಹೋದ. ಮಾವ ಹುಟ್ಟಾ ಕಾಂಗ್ರೆಸ್. ಫಲಿತಾಂಶದ ರಾತ್ರಿ ಯಾರದೋ ಜಗುಲಿಯಲ್ಲಿ ಯಾರೋ ಒಂದು ಮಾತು ಅಂದರಂತೆ, ಅಷ್ಟೇ, ಮಾತು ನಿಂತಿತು. 1998ರಲ್ಲಿ ಬಿಜೆಪಿಯ ಆಯನೂರು ಮಂಜುನಾಥ್ ಗೆದ್ದರು. ಇಬ್ಬರೂ ಸೋತಿದ್ದರು. ಸರಿಹೋಗಬೇಕಿತ್ತು ಅಲ್ವಾ? ಆಗಲಿಲ್ಲ. 1999ರಲ್ಲಿ ಬಂಗಾರಪ್ಪನವರು ಕಾಂಗ್ರೆಸ್‌ಗೇ ವಾಪಸ್ ಬಂದರು. ಈಗ ಭಾವ ಭಾವಮೈದ ಒಂದೇ ಪಕ್ಷ, ಒಂದೇ ಜೀಪು, ಒಂದೇ ಕರಪತ್ರದ ಕಟ್ಟು. ಜೀಪಿನಲ್ಲಿ ಒಬ್ಬ ಮುಂದೆ, ಒಬ್ಬ ಹಿಂದೆ, ಇಬ್ಬರ ಮಧ್ಯೆ ಸುದ್ದಿ ಮುಟ್ಟಿಸೋಕೆ ಡ್ರೈವರ್. ಒಬ್ಬರನ್ನೇ ಗೆಲ್ಲಿಸಿದರು, ಬಾಯಿ ಬಿಡಲಿಲ್ಲ. 2004ರಲ್ಲಿ ಬಂಗಾರಪ್ಪನವರು ಬಿಜೆಪಿಯಿಂದ ಗೆದ್ದರು, ಅಪ್ಪಯ್ಯ ಅತ್ತ ಹೋದ, ಮಾವ ಇತ್ತ ಉಳಿದ. ಮಾರನೇ ವರ್ಷವೇ ಬಂಗಾರಪ್ಪನವರು ಅದನ್ನೂ ಬಿಟ್ಟು ಸಮಾಜವಾದಿ ಪಕ್ಷದಿಂದ ಉಪಚುನಾವಣೆಗೆ ನಿಂತರಲ್ಲ, ಆಗ ಸಾಗರದ ಬಸ್ ಸ್ಟ್ಯಾಂಡಿನಲ್ಲಿ ಎದುರು ಸಿಕ್ಕ ಅಪ್ಪಯ್ಯನಿಗೆ ಮಾವ, "ಭಾವ, ಈ ಸಲ ಸೈಕಲ್ಲಂತೆ ಗುರುತು, ತುಳಿಯೋಕೆ ಬರುತ್ತಾ?" ಅಂದರು. ಅಪ್ಪಯ್ಯನಿಗೆ ನಗು ತಡೆಯೋಕೆ ಆಗಲಿಲ್ಲ. ಅಷ್ಟು ವರ್ಷದ ಮೇಲೆ ಮೊದಲ ಮಾತು ಅದು.

ಆ ವರ್ಷಗಳಲ್ಲಿ ಗೌರಿ ಹಬ್ಬದ ಬಾಗಿನ ತಪ್ಪಲಿಲ್ಲ. ಆದರೆ ಅಪ್ಪಯ್ಯ ತರಲಿಲ್ಲ, ಊರ ಬಸ್ಸಿನ ಕಂಡಕ್ಟರ್ ಕೈಲಿ ಕಳಿಸುತ್ತಿದ್ದ. ಮೊರದ ಮೇಲೆ ಹೊದಿಸಿದ ರವಿಕೆ ಕಣದ ಮೇಲೆ ಟಿಕೆಟ್ ಚೀಟಿ ಅಂಟಿಕೊಂಡಿರುತ್ತಿತ್ತು. ನಾನು ಅದನ್ನು ಒಳಗೆ ಇಟ್ಟುಕೊಂಡು ಇವರ ಎದುರು ಏನೂ ಮಾತಾಡ್ತಿರಲಿಲ್ಲ. ನನ್ನ ತವರಿನ ದಾರಿ ಇಬ್ಬರು ಗಂಡಸರ ಹಟದಲ್ಲಿ ಮುಚ್ಚಿಹೋಯಿತಲ್ಲ ಅನ್ನುವ ಸಂಕಟ ಈಗಲೂ ಇದೆ. ಅಜ್ಜಿಯ ಕೊನೆಯ ದಿನಗಳಲ್ಲಿ ನಾನು ಅಲ್ಲಿ ಇನ್ನಷ್ಟು ಇರಬಹುದಿತ್ತು. ಬಿಡು, ಎಲ್ಲಿಂದ ಎಲ್ಲಿಗೋ ಹೋದೆ.

ಸೊರಬದಲ್ಲಿ ಬಂಗಾರಪ್ಪನವರ ಮಕ್ಕಳದ್ದು ನಿನಗೇ ಗೊತ್ತು. 2004ರ ವಿಧಾನಸಭೆಗೆ ಅಣ್ಣ ಕುಮಾರ್ ಕಾಂಗ್ರೆಸ್, ತಮ್ಮ ಮಧು ಬಿಜೆಪಿ, ಅಣ್ಣ ಗೆದ್ದರು. 2013ರಲ್ಲಿ ತಮ್ಮ ಜೆಡಿಎಸ್‌ನಿಂದ ಗೆದ್ದರು. 2018ರಲ್ಲಿ ಅಣ್ಣ ಬಿಜೆಪಿಯಿಂದ. 2023ರಲ್ಲಿ ತಮ್ಮ ಕಾಂಗ್ರೆಸ್‌ನಿಂದ. 2004ಕ್ಕೂ 2023ಕ್ಕೂ ಹೋಲಿಸಿ ನೋಡು, ಪಕ್ಷಗಳೇ ಅದಲು ಬದಲು! ಅವರ ಮನೆಯೊಳಗಿನದು ನಮಗೆ ಬೇಡ. ನಾನು ನೋಡೋದು ಇಷ್ಟೇ, ದೊಡ್ಡವರು ಪಕ್ಷ ಬದಲಿಸಿದಾಗ ಅವರಿಗೆ ಹೊಸ ವೇದಿಕೆ, ಹೊಸ ಹಾರ ಸಿಗುತ್ತದೆ. ಅವರಿಗಾಗಿ ಮಾತು ಬಿಟ್ಟ ಅಣ್ಣತಮ್ಮಂದಿರಿಗೆ ಏನೂ ಸಿಗುವುದಿಲ್ಲ, ಅಡಿಕೆ ಕೊಯ್ಲಿಗೆ ಕೊನೆಗಾರನನ್ನು ಬೇರೆ ಬೇರೆ ದಿನ ಕರೆಸೋದೊಂದು ಹೆಚ್ಚಿನ ಖರ್ಚು.

ಇನ್ನು ನಿನ್ನ ಭಯಕ್ಕೆ ಬರ್ತೀನಿ. ಅದು ಸುಳ್ಳು ಭಯ ಅಂತ ಹೇಳಲಾರೆ. ಮುಂಚೆ ಚೀಟಿ ಇದ್ದ ಕಾಲದಲ್ಲಿ ಬೇರೆ ಬೇರೆ ಬೂತಿನ ಚೀಟಿ ಬೆರೆಸಿ ಎಣಿಸುತ್ತಿದ್ದರು, ಯಾವ ಊರು ಯಾರಿಗೆ ಹಾಕಿತು ಅಂತ ಖಚಿತವಾಗಿ ಹೇಳೋಕೆ ಆಗ್ತಿರಲಿಲ್ಲ. ಮತಯಂತ್ರ ಬಂದ ಮೇಲೆ ಬೂತು ಬೂತಿನ ಲೆಕ್ಕ ಬೇರೆ ಬೇರೆ ಬರುತ್ತದೆ. ಅಂತರ ಲಕ್ಷಗಟ್ಟಲೆ ಇದ್ದರೂ ಸಂಜೆಯೊಳಗೆ ನಮ್ಮ ಶಾಲೆಯ ಬೂತಿನ ಸಂಖ್ಯೆ ಊರಿಗೆಲ್ಲ ಬಾಯಿಪಾಠ. ಆಮೇಲೆ ಶುರು, ಆ ಕೇರಿಯಲ್ಲಿ ಇಷ್ಟು, ಈ ಮನೆಯಲ್ಲಿ ಅಷ್ಟು. ಜಾತಿ ಹಿಡಿದು ಲೆಕ್ಕ, ಬಗರ್ ಹುಕುಂ ಅರ್ಜಿ ಹಿಡಿದು ಲೆಕ್ಕ. ಹತ್ತು ವೋಟು ಕಮ್ಮಿ ಬಿದ್ದರೆ ಆ ಹತ್ತಕ್ಕೂ ಹೆಸರು ಕೊಡ್ತಾರೆ. ಅಣ್ಣನ ಕಡೆಯವರು ಅವನಿಗೆ "ನಿನ್ನ ತಮ್ಮನೇ ಕೆಡಿಸಿದ" ಅಂತ ಹೇಳದೆ ಇರೋದಿಲ್ಲ, ನಿನ್ನ ಕಡೆಯವರೂ ಕಮ್ಮಿಯೇನಲ್ಲ. ಪಕ್ಕದ ಶೃಂಗೇರಿಯಲ್ಲಿ 2023ರ ವಿಧಾನಸಭೆಗೆ ಘೋಷಿಸಿದ ಗೆಲುವಿನ ಅಂತರ 201. ಅಂಥ ಕಡೆ ಪ್ರತಿ ಬೂತಿನಲ್ಲೂ ಒಬ್ಬೊಬ್ಬ ತಪ್ಪಿತಸ್ಥ ಸಿಕ್ಕಿಬಿಡ್ತಾನೆ.

ನಾನು ಟೀಚರ್ ಆಗಿದ್ದಾಗ ಚುನಾವಣೆ ಡ್ಯೂಟಿ ಮಾಡಿದ್ದು ನಿನಗೆ ಗೊತ್ತು, ಬೆರಳಿಗೆ ಶಾಯಿ ಹಚ್ಚುವ ಕೆಲಸ. ಹೊಸನಗರದ ಕಡೆ ಒಂದು ಬೂತಿನಲ್ಲಿ ಎರಡು ಪಕ್ಷದ ಏಜೆಂಟರು ಒಂದೇ ಬೆಂಚಿನಲ್ಲಿ ಕೂತಿದ್ದರು. ಒಬ್ಬ ಪೆನ್ಸಿಲ್ ತಂದಿರಲಿಲ್ಲ. ಇನ್ನೊಬ್ಬ ತನ್ನದನ್ನು ಮಧ್ಯಕ್ಕೆ ಮುರಿದು ಬ್ಲೇಡಿನಲ್ಲಿ ಹೆರೆದು ಕೊಟ್ಟ. ಮಧ್ಯಾಹ್ನ ಒಬ್ಬ ಅವಲಕ್ಕಿ ತಿನ್ನೋಕೆ ಎದ್ದು ಹೋದಾಗ ಉಳಿದವನು ಬಂದವರ ಹೆಸರಿಗೆ ಎರಡೂ ಪಟ್ಟಿಯಲ್ಲಿ ಗೀಟು ಎಳೆಯುತ್ತಿದ್ದ, ತನ್ನದರಲ್ಲೂ ಅವನದರಲ್ಲೂ. ಅವರು ಎಣಿಕೆ ಆದ ಮೇಲೂ ಹಾಗೇ ಇದ್ದರಾ? ಕೇಳೋಕೆ ನಾನು ಮತ್ತೆ ಆ ಊರಿಗೆ ಹೋಗಲಿಲ್ಲ.

ನನಗೆ ತೋಚಿದ್ದು ಹೇಳ್ತೀನಿ, ನಿನ್ನ ಪಕ್ಷದವರಿಗೆ ಇದು ಹಿಡಿಸದೇ ಇರಬಹುದು. ಏಜೆಂಟ್ ಆಗಲೇಬೇಕು ಅಂದರೆ ಪಕ್ಕದ ಬೂತಿಗೆ ಹಾಕಿ ಅಂತ ಕೇಳು, ಅದಕ್ಕೆ ಅವಕಾಶ ಇದೆ. ಒಂದೇ ಬೂತಿನಲ್ಲಿ ದಿನವಿಡೀ ಅಣ್ಣನ ಎದುರು ಕೂತು, ಅವನು ಕರೆತಂದ ಮುದುಕಿಯ ಗುರುತಿನ ಚೀಟಿಗೆ ನೀನು ತಕರಾರು ತೆಗೆಯೋದು ಬೇಡ. ಎಣಿಕೆಯ ದಿನ ಮನೆಯ ವಾಟ್ಸಾಪ್ ಗುಂಪಿನಲ್ಲಿ ಏನೂ ಹಾಕಬೇಡ, ಗೆದ್ದರೂ ಹಾಕಬೇಡ. ಆ ರಾತ್ರಿ ಜಗುಲಿ ಕಟ್ಟೆಗಳ ಕಡೆ ಇಬ್ಬರೂ ಹೋಗದಿದ್ದರೆ ಒಳ್ಳೆಯದು, ಆದರೆ ಅಣ್ಣನನ್ನು ತಡೆಯೋಕೆ ನಿನ್ನಿಂದ ಆಗದು, ನೀನಾದರೂ ಮನೆಯಲ್ಲಿರು. ಅವನು ಸೋತು ಬಂದರೆ ಸಮಾಧಾನ ಹೇಳೋಕೆ ಹೋಗಬೇಡ, ಅದು ಇನ್ನೂ ಉರಿಸುತ್ತದೆ. ಮೋಟಾರ್ ಕೆಟ್ಟಿದೆ, ನೋಡೋಣ ಬಾ ಅನ್ನು. ಮೋಟಾರ್ ಕೆಡದಿದ್ದರೂ ಪರವಾಗಿಲ್ಲ.

ಮಾತು ಬಿಟ್ಟೇಬಿಟ್ಟರೆ ಏನು ಮಾಡಲಿ ಅಂದಿದ್ದೀಯ. ನೀನು ಬಿಡಬೇಡ. ಅವನು ಉತ್ತರ ಕೊಡದಿದ್ದರೂ ಊಟಕ್ಕೆ ಕೂತಾಗ ಸಾರು ಬೇಕಾ ಅಂತ ಕೇಳು. ಇದಕ್ಕಿಂತ ದೊಡ್ಡ ಉಪಾಯ ನನ್ನ ಹತ್ತಿರ ಇಲ್ಲ ಪುಟ್ಟ. ಇದೂ ಆಗುತ್ತೋ ಇಲ್ಲವೋ, ನಿನ್ನ ಅಪ್ಪಯ್ಯನ ರಕ್ತ ಅವನದು.

ಮತ್ತೊಂದು. ಏಜೆಂಟ್ ಫಾರಂಗೆ ಸಹಿ ಹಾಕುವ ಮುಂಚೆ ಅಣ್ಣನಿಗೆ ನೀನೇ ಹೇಳು. ಬೇರೆಯವರ ಬಾಯಿಂದ ಅವನ ಕಿವಿಗೆ ಬೀಳಬಾರದು. ಹೇಳಿದ ಮೇಲೆ ನನಗೆ ಫೋನ್ ಮಾಡು, ರಾತ್ರಿ ಒಂಬತ್ತರ ಒಳಗೆ, ಆಮೇಲೆ ಮಾತ್ರೆ ತಗೊಂಡು ಮಲಗಿರ್ತೀನಿ.

ಇಂತಿ ನಿನ್ನ ಅತ್ತೆ