ಮರಗಸಿ ಕತ್ತಿಗೆ ಮಾರಕಾಸ್ತ್ರದ ಪಟ್ಟ

ಮಾನ್ಯ ಸಂಪಾದಕರೇ,

ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ಕಡೆ ಕಾಫಿ ಹೂ ಅರಳಿಸುವ ಹೂಮಳೆ ಕಳೆದು ಮುಂಗಾರು ಹಿಡಿಯುವುದರೊಳಗೆ ಮರಗಸಿ, ಅಂದರೆ ತೋಟದ ನೆರಳು ಮರಗಳ ಕೊಂಬೆ ಕಡಿಯುವ ಕೆಲಸ, ಮುಗಿಯಬೇಕು. ಕೈಗೆ ಸಿಗುವುದು ಏಪ್ರಿಲ್, ಮೇ, ಹೆಚ್ಚೆಂದರೆ ಜೂನ್ ಮೊದಲ ವಾರ. ತಡವಾದರೆ ಮಳೆಗೆ ತೊಗಟೆ ಜಾರಿ ಮರ ಹತ್ತಿದವನ ಜೀವಕ್ಕೆ ಕುತ್ತು. ಬಿಟ್ಟೇಬಿಟ್ಟರೆ ನೆರಳು ಕವಿದು, ಗಾಳಿಯಾಡದೆ, ಮಳೆಗಾಲದ ನಡುವೆ ಕಾಫಿಗೆ ಕೊಳೆರೋಗ. ಚುನಾವಣೆಯೂ ಸರಿಯಾಗಿ ಇದೇ ಹೊತ್ತಿಗೆ ಬರುತ್ತದೆ. 2023ರ ವಿಧಾನಸಭೆಗೆ ಮೇ 10ರಂದು, 2024ರ ಲೋಕಸಭೆಗೆ ಹಾಸನ, ಚಿಕ್ಕಮಗಳೂರು ಎರಡೂ ಕಡೆ ಏಪ್ರಿಲ್ 26ರಂದು ಮತದಾನವಾಯಿತು. ನೀತಿಸಂಹಿತೆ ಜಾರಿಯಾದ ದಿನದಿಂದ ರಸ್ತೆರಸ್ತೆಗೂ ಚೆಕ್‌ಪೋಸ್ಟ್. ಬೆಳಿಗ್ಗೆ ಏಳಕ್ಕೆ ಒಂದು ಪಿಕಪ್, ಅದರಲ್ಲಿ ಎಂಟು ಹತ್ತು ಆಳು, ಅಷ್ಟೇ ಕತ್ತಿ. ಆ ಕತ್ತಿಗಳನ್ನು ಪೊಲೀಸರು ಮಾರಕಾಸ್ತ್ರವೆಂದು ಹಿಡಿಯುತ್ತಾರೆ, ತಕರಾರು ಅಲ್ಲಿಂದ ಶುರು.

ಮರಗಸಿ ಕತ್ತಿಯನ್ನು ಒಮ್ಮೆ ಮೇಜಿನ ಮೇಲಿಟ್ಟು ನೋಡಿದವರಿಗೆ ಅದು ಕೆಲಸದ ಹತಾರ ಎಂಬುದರಲ್ಲಿ ಅನುಮಾನ ಉಳಿಯುವುದಿಲ್ಲ. ಲಾರಿಯ ಹಳೇ ಸ್ಪ್ರಿಂಗ್ ಪಟ್ಟಿ ಕಡಿದು ಕುಲುಮೆಯಲ್ಲಿ ಬಡಿದದ್ದು. ಅಲಗು 10ರಿಂದ 14 ಅಂಗುಲ, ಅಗಲ ಎರಡರಿಂದ ಎರಡೂವರೆ ಅಂಗುಲ, ತೂಕ ಮುಕ್ಕಾಲು ಕೆ.ಜಿ. ಆಸುಪಾಸು. ಬಾಯಿ ಒಂದೇ ಕಡೆ. ಏಟಿಗೆ ಭಾರ ಬರಲೆಂದು ಬೆನ್ನು ದಪ್ಪ. ತುದಿ ಚೂಪಲ್ಲ, ಒಳಕ್ಕೆ ಬಾಗಿದ ಕೊಕ್ಕು. ಕಡಿದ ಕೊಂಬೆ ಇನ್ನೊಂದರಲ್ಲಿ ಸಿಕ್ಕಿಕೊಂಡರೆ ಎಳೆದು ಬಿಡಿಸುವುದಕ್ಕೆ ಆ ಕೊಕ್ಕು. ಅದರಿಂದ ಚುಚ್ಚಲಿಕ್ಕೆ ಬಾರದು. ಹಿಡಿ ಉರುಟು ಮರದ್ದು, ಕೊರಳಿಗೊಂದು ಕಬ್ಬಿಣದ ಬಳೆ. ಹಲಸು, ಅತ್ತಿ, ಬಸರಿಯ ಹಾಲು ಅಂಟಿ ಅಲಗು ಕಪ್ಪಾಗಿರುತ್ತದೆ, ಗಂಟು ಕಡಿದು ಕಡಿದು ಬಾಯಲ್ಲಿ ಅಲ್ಲಲ್ಲಿ ಮುಕ್ಕು. ಜೊತೆಗೆ ಸೊಂಟಕ್ಕೆ ಕಟ್ಟುವ ಮರದ ಕೊಕ್ಕೆ, ಹಗ್ಗ, ಮಸೆಯುವ ಅರ ಇದ್ದೇ ಇರುತ್ತವೆ.

ರೌಡಿಗಳ ಲಾಂಗು ಬೇರೆಯೇ ಜಾತಿ. ತೆಳುವಾದ ಉದ್ದನೆ ಪಟ್ಟಿ, ಗ್ರೈಂಡರ್‌ಗೆ ಹಿಡಿದ ಹೊಳಪು, ಹಿಡಿಗೆ ವೆಲ್ಡಿಂಗ್ ಮಾಡಿದ ಪೈಪು ಇಲ್ಲವೇ ಸುತ್ತಿದ ಟೇಪು. ಅಂಗಿಯೊಳಗೆ ಬೆನ್ನಿಗೆ ಸಿಕ್ಕಿಸಿಕೊಳ್ಳಲು ಅನುಕೂಲ, ಅಷ್ಟೇ. ಅದರಲ್ಲಿ ನೆರಳಿಗೆ ಬೆಳೆಸುವ ಹಾಲುವಾಣ ಮರದ ಒಂದು ಕೊಂಬೆ ಕಡಿಯಲು ಹೋಗಿ ನೋಡಿ, ಭಾರವಿಲ್ಲದೆ ಪುಟಿದು ಬರುತ್ತದೆ.

ಕಾಯ್ದೆಗೂ ಈ ವ್ಯತ್ಯಾಸ ಗೊತ್ತು. 1959ರ ಶಸ್ತ್ರಾಸ್ತ್ರ ಕಾಯ್ದೆಯ 2(1)(ಸಿ) ಕಲಂ ‘ಶಸ್ತ್ರ’ ಎಂದರೇನು ಎಂದು ಹೇಳುವಾಗಲೇ, ಮನೆಬಳಕೆಗೆ ಅಥವಾ ಕೃಷಿಗೆಂದೇ ಮಾಡಿದ ವಸ್ತುಗಳನ್ನು ಹೊರಗಿಟ್ಟಿದೆ. ಲಾಠಿ, ಸಾಮಾನ್ಯ ಊರುಗೋಲು ಕೂಡ ಹೊರಗೆ. 2016ರ ಶಸ್ತ್ರಾಸ್ತ್ರ ನಿಯಮಗಳ ಮೊದಲ ಅನುಸೂಚಿಯ ಐದನೇ ವರ್ಗದಲ್ಲಿ ಒಂದು ಅಳತೆ ಇದೆ: ಅಲಗು 9 ಅಂಗುಲಕ್ಕಿಂತ ಉದ್ದ ಅಥವಾ 2 ಅಂಗುಲಕ್ಕಿಂತ ಅಗಲ. ಪೊಲೀಸರ ಬಾಯಲ್ಲಿ ಬರುವುದು ಈ ಒಂಬತ್ತಂಗುಲವೇ. ಆದರೆ ಅದೇ ವಾಕ್ಯದ ಮುಂದಿನ ಭಾಗ, ಅಂದರೆ ಮನೆಬಳಕೆ, ಕೃಷಿ, ವಿಜ್ಞಾನ, ಕೈಗಾರಿಕೆಗೆಂದು ಮಾಡಿದವನ್ನು ಬಿಟ್ಟು ಎಂಬುದು, ಯಾಕೋ ಯಾರ ನೆನಪಿನಲ್ಲೂ ಉಳಿದಿಲ್ಲ. ಉಳಿದಿದ್ದರೆ ಅರಸೀಕೆರೆ, ಚನ್ನರಾಯಪಟ್ಟಣದ ಎಳನೀರಿನವರನ್ನು ಯಾರೂ ತಡೆದು ನಿಲ್ಲಿಸುತ್ತಿರಲಿಲ್ಲ. ಎರಡಂಗುಲಕ್ಕಿಂತ ಅಗಲವಿಲ್ಲದ ಎಳನೀರು ಮಚ್ಚು ಎಲ್ಲಿದೆ? ಇನ್ನೊಂದು ಮಾತು: ಬಂದೂಕಲ್ಲದ ಶಸ್ತ್ರಕ್ಕೆ ಪರವಾನಗಿ ಬೇಕಾಗುವುದು 4ನೇ ಕಲಂ ಪ್ರಕಾರ ಕೇಂದ್ರ ಸರ್ಕಾರ ಆ ಪ್ರದೇಶಕ್ಕೆ ಅಧಿಸೂಚನೆ ಹೊರಡಿಸಿದ್ದರೆ ಮಾತ್ರ. ಶಸ್ತ್ರಾಸ್ತ್ರ ಕಾಯ್ದೆಯಡಿ ಕತ್ತಿಗೆ ಕೇಸು ಹಾಕುವವರು ಆ ಅಧಿಸೂಚನೆ ಯಾವುದು, ಎಂದಿನದು ಎಂದು ಬರೆಯಬೇಕು. (ಪಕ್ಕದ ಕೊಡಗಿನಲ್ಲಿ ಕೊಡವರಿಗೂ ಜಮ್ಮಾ (ವಂಶಪಾರಂಪರ್ಯ) ಹಿಡುವಳಿದಾರರಿಗೂ ಕೋವಿಗೇ ವಿನಾಯಿತಿ ಇದೆ. ಗಡಿ ದಾಟಿ ಇತ್ತ ಬಂದರೆ ಕತ್ತಿಗೂ ಜವಾಬು ಕೊಡಬೇಕು.)

ಹಾಗಾದರೆ ತೊಡಕು ಎಲ್ಲಿ? ನಿಷೇಧಾಜ್ಞೆಯಲ್ಲಿ. ಬೆಳೆಗಾರರು, ಮೇಸ್ತ್ರಿಗಳು, ಎಷ್ಟೋ ಸಲ ವಕೀಲರೂ ಎಡವುವುದು ಇಲ್ಲೇ. ಚುನಾವಣೆಗೆ, ಡಿಸೆಂಬರ್‌ನಲ್ಲಿ ಚಿಕ್ಕಮಗಳೂರಿನ ದತ್ತ ಜಯಂತಿ ಬಂದೋಬಸ್ತ್‌ಗೆ, ಗಲಾಟೆಯಾದಾಗ ಹೊರಡುವ ಆದೇಶಗಳು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಕಲಂ (ಹಳೆಯ 144) ಅಥವಾ 1963ರ ಕರ್ನಾಟಕ ಪೊಲೀಸ್ ಕಾಯ್ದೆಯ 35ನೇ ಕಲಂ ಅಡಿಯವು. 35ನೇ ಕಲಮಿನಲ್ಲಿ ಖಡ್ಗ, ಈಟಿ, ದೊಣ್ಣೆ, ಚಾಕು, ಕೋಲು ಎಂದು ಪಟ್ಟಿ ಮಾಡಿ, ಕೊನೆಗೆ ದೈಹಿಕ ಹಿಂಸೆಗೆ ಬಳಸಬಹುದಾದ ಬೇರೆ ಯಾವುದೇ ವಸ್ತು ಎಂದು ಬಾಗಿಲು ತೆರೆದಿಟ್ಟಿದ್ದಾರೆ. ಆದೇಶಗಳ ಒಕ್ಕಣೆ ಬರುವುದೂ ಇಲ್ಲಿಂದಲೇ. ಈ ಲೆಕ್ಕಕ್ಕೆ ಹಾರೆ, ಗುದ್ದಲಿ, ಅಡಿಕೆ ದೋಟಿ, ಮೆಕ್ಯಾನಿಕ್‌ನ ಜಾಕಿ ರಾಡು ಎಲ್ಲವೂ ಒಳಗೇ. ಶಸ್ತ್ರಾಸ್ತ್ರ ಕಾಯ್ದೆಯ ಕೃಷಿ ವಿನಾಯಿತಿ ಇಲ್ಲಿ ತಾನಾಗಿ ನೆರವಿಗೆ ಬರುವುದಿಲ್ಲ. ಅದಕ್ಕೇ ಚೆಕ್‌ಪೋಸ್ಟ್‌ನಲ್ಲಿ ಕಾಯ್ದೆ ಪುಸ್ತಕ ತೋರಿಸಿ ವಾದಕ್ಕೆ ನಿಂತವರು ಗೆಲ್ಲುವುದಿಲ್ಲ.

ಪರಿಹಾರ ದೊಡ್ಡದಲ್ಲ. ಜಿಲ್ಲಾಧಿಕಾರಿಗಳು ಆದೇಶ ಹೊರಡಿಸುವಾಗ ಒಂದು ಸಾಲು ಸೇರಿಸಬೇಕು: ‘ಕೃಷಿ, ತೋಟ ಹಾಗೂ ಕಸುಬಿನ ಕೆಲಸಕ್ಕೆ ಹೋಗುವಾಗ, ಬರುವಾಗ ಒಯ್ಯುವ ಹತಾರಗಳಿಗೆ ಇದು ಅನ್ವಯಿಸುವುದಿಲ್ಲ, ಸಭೆ, ಮೆರವಣಿಗೆ, ಮತಗಟ್ಟೆಯ ಆವರಣಕ್ಕೆ ಒಯ್ದರೆ ಅನ್ವಯಿಸುತ್ತದೆ.’ ಆದೇಶ ಹೇಗೂ ಕರಡು ಬದಲಿಸಿ ಪ್ರತಿ ಸಲವೂ ಹೊಸದಾಗಿ ಬರುವಂಥದ್ದು, 163ರ ಆಜ್ಞೆ ಸಾಮಾನ್ಯವಾಗಿ ಎರಡು ತಿಂಗಳಿಗಿಂತ ಹೆಚ್ಚು ನಿಲ್ಲುವುದೂ ಇಲ್ಲ. ಒಂದು ಸಾಲಿಗೆ ವಿಧಾನಸೌಧದವರೆಗೆ ಹೋಗಬೇಕಾಗಿಲ್ಲ.

ಎರಡನೆಯದು ಮಹಜರು. ‘ಒಂದು ಕಬ್ಬಿಣದ ಮಚ್ಚು, ಅಂದಾಜು ಎರಡು ಅಡಿ’ ಎಂದು ಬರೆದು ಮುಗಿಸಿದರೆ ಅಲ್ಲಿಗೆ ಕತ್ತಿಯ ಕಥೆ ಮುಗಿದ ಹಾಗೆ. 14 ಅಂಗುಲದ ಅಲಗಿಗೆ ಆರಂಗುಲದ ಹಿಡಿ ಸೇರಿ 20 ಆಗುತ್ತದೆ, ಅಂದಾಜಿನಲ್ಲಿ ಅದು ಎರಡು ಅಡಿಗೆ ಬೆಳೆಯುತ್ತದೆ. ನಿಯಮ ಹೇಳುವುದು ಅಲಗಿನ ಅಳತೆ, ಹಿಡಿಯದ್ದಲ್ಲ. ಅಲಗಿನ ಉದ್ದ, ಅಗಲ, ತುದಿ ಚೂಪೋ ಬಾಗಿದ್ದೋ, ಬಾಯಿ ಒಂದು ಕಡೆಯೋ ಎರಡು ಕಡೆಯೋ, ಸೊನೆಯ ಕಲೆ ಇದೆಯೇ, ಪಕ್ಕದಲ್ಲಿ ಇನ್ನೇನಿತ್ತು, ವಾಹನ ಎಲ್ಲಿಂದ ಎಲ್ಲಿಗೆ ಹೊರಟಿತ್ತು, ಗಂಟೆ ಎಷ್ಟು: ಇಷ್ಟು ಬರೆಯಲು ಐದು ನಿಮಿಷ ಸಾಕು. ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಂ ಪ್ರಕಾರ ಶೋಧ, ಜಪ್ತಿಯನ್ನು ಹೇಗೂ ವಿಡಿಯೊ ಮಾಡಬೇಕು. ಅದರಲ್ಲೇ ಅಳತೆ ಟೇಪು ಹಿಡಿದು ತೋರಿಸಲಿ. ಹಗ್ಗ, ಅರ, ಬುತ್ತಿ, ನೀರಿನ ಕ್ಯಾನನ್ನು ಬಿಟ್ಟು ಕತ್ತಿಯೊಂದನ್ನೇ ಫೋಟೊ ಹಿಡಿದರೆ ಅದು ಯಾರ ಕೈಯಲ್ಲೂ ಆಯುಧವಾಗಿಯೇ ಕಾಣುತ್ತದೆ.

ಜಪ್ತಿಯಾದ ಕತ್ತಿ ವಾಪಸ್ ಬರುವುದು ಅಪರೂಪ. ಜಪ್ತಿ ಮಾಲಿನ ಪಿ.ಎಫ್. ನಂಬರ್ ಬಿದ್ದು ಠಾಣೆಯ ಮುದ್ದೆಮಾಲು (ಜಪ್ತಿ ವಸ್ತುಗಳ) ಕೋಣೆ ಸೇರಿದರೆ ಒಂದು ಮಳೆಗಾಲದಲ್ಲಿ ತುಕ್ಕು. ಸುಂದರಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2002ರಲ್ಲೇ, ಜಪ್ತಿ ಮಾಲನ್ನು ಠಾಣೆಯಲ್ಲಿ 15 ದಿನ, ಹೆಚ್ಚೆಂದರೆ ಒಂದು ತಿಂಗಳಿಗಿಂತ ಹೆಚ್ಚು ಕೊಳೆಹಾಕಬಾರದು ಎಂದಿದೆ. ಬಿಡಿಸಿಕೊಳ್ಳಲು ನಾಗರಿಕ ಸುರಕ್ಷಾ ಸಂಹಿತೆಯ 497 ಅಥವಾ 503ನೇ ಕಲಂ ಅಡಿ ನ್ಯಾಯಾಲಯಕ್ಕೆ ಅರ್ಜಿ ಹಾಕಬಹುದು. ಆದರೆ ವಕೀಲರ ಫೀಸಿನಲ್ಲಿ ನಾಲ್ಕು ಹೊಸ ಕತ್ತಿ ಬರುತ್ತವೆ, ಹಾಗಾಗಿ ಯಾರೂ ಹಾಕುವುದಿಲ್ಲ. ಕೈಗೆ ಹೊಂದಿಕೊಂಡ ಕತ್ತಿಯ ತೂಕ, ಹಿಡಿಯ ಸವೆತ ಹೊಸದರಲ್ಲಿ ಸಿಗುವುದಿಲ್ಲ, ಮೂವತ್ತಡಿ ಮೇಲೆ ಹಗ್ಗ ಕಟ್ಟಿಕೊಂಡು ನಿಂತವನಿಗೆ ಅದು ಸಣ್ಣ ವಿಷಯವಲ್ಲ. ಕತ್ತಿ ಬಿಡಿ, ಅಸ್ಸಾಂ, ಜಾರ್ಖಂಡ್ ಕಡೆಯಿಂದ ಬಂದ ಕೂಲಿಗಳ ಪಾಡು ಹೇಳುವಂತಿಲ್ಲ. ‘ಎಲ್ಲಿಗೆ, ಯಾಕೆ’ ಎಂದು ಕನ್ನಡದಲ್ಲಿ ಗದರಿಸಿದರೆ ಉತ್ತರ ಬರುವುದಿಲ್ಲ. ಉತ್ತರ ಬಾರದ್ದೇ ಅನುಮಾನಾಸ್ಪದ ವರ್ತನೆಯಾಗಿಬಿಡುತ್ತದೆ.

ಕತ್ತಿಯಲ್ಲಿ ಹೊಡೆದಾಟವೇ ಆಗುವುದಿಲ್ಲ ಎಂದು ಸಾಧಿಸುವ ಪತ್ರ ಇದಲ್ಲ. ಲೈನ್ ಮನೆಗಳ (ತೋಟದ ಕೂಲಿಗಳ ಸಾಲು ಮನೆಗಳ) ಜಗಳದಲ್ಲಿ ಮೊದಲು ಕೈಗೆ ಸಿಗುವುದು ಅದೇ. ಅದಕ್ಕೆ ಅಪಾಯಕಾರಿ ಆಯುಧದಿಂದ ಗಾಯ ಮಾಡಿದವರನ್ನು ಶಿಕ್ಷಿಸುವ ಭಾರತೀಯ ನ್ಯಾಯ ಸಂಹಿತೆಯ 118ನೇ ಕಲಂ ಇದೆ. ಅಲ್ಲಿಯೂ ಕಾಯ್ದೆ ನೋಡುವುದು ವಸ್ತುವನ್ನು ಆಯುಧವಾಗಿ ಬಳಸಿದರೇ ಎಂದು.

ನಮ್ಮ ಕಡೆಯ ತಪ್ಪುಗಳನ್ನೂ ತಿದ್ದಿಕೊಳ್ಳಬೇಕು. ಕತ್ತಿಯನ್ನು ಬರಿ ಅಲಗಿನಲ್ಲಿ ಬೈಕಿನ ಹ್ಯಾಂಡಲ್‌ಗೆ ಸಿಕ್ಕಿಸಿಕೊಂಡು ಹೋಗುವುದು ಪೊಲೀಸರಿಗಿಂತ ಮೊದಲು ಹಿಂದೆ ಕೂತವನಿಗೇ ಅಪಾಯ. ಹಳೇ ಬೈಕ್ ಟ್ಯೂಬನ್ನು ಒಂದೂಕಾಲು ಅಡಿ ಕತ್ತರಿಸಿ ಅಲಗಿಗೆ ತೊಡಿಸಿ, ಹಿಡಿಯ ಬಳಿ ಒಂದು ಸುತ್ತು ದಾರ ಬಿಗಿದರೆ ಒರೆ ಆಯಿತು. ಎಲ್ಲ ಕತ್ತಿಗಳನ್ನೂ ಒಂದೇ ಗೋಣಿಯಲ್ಲಿ, ಹಗ್ಗ, ಅರದ ಜೊತೆಗೇ ಹಾಕಿ ಪಿಕಪ್‌ನ ಹಿಂದೆ ಕಾಣುವಂತೆ ಇಡಬೇಕು. ಸೀಟಿನ ಕೆಳಗೋ ಡ್ರೈವರ್ ಬೆನ್ನ ಹಿಂದೆಯೋ ತುರುಕಿದರೆ ಬಚ್ಚಿಟ್ಟ ಹಾಗೇ ಆಗುತ್ತದೆ. ತೋಟದ ಲೆಕ್ಕ ಬರೆಯುವ ರೈಟರು ಆ ವಾರದ ಚೆಕ್‌ರೋಲಿನ (ಆಳುಗಳ ಹಾಜರಿ ಪಟ್ಟಿಯ) ಪುಟವನ್ನು ಫೋಟೊ ತೆಗೆದು ಮೇಸ್ತ್ರಿಯ ಮೊಬೈಲಿಗೆ ಕಳಿಸಿರಲಿ. ಆಳುಗಳ ಹೆಸರು, ತೋಟದ ಹೆಸರು, ಫೋನ್ ನಂಬರ್ ಅದರಲ್ಲಿರಲಿ. ಪೊಲೀಸರು ಕತ್ತಿ ವಶಕ್ಕೆ ಪಡೆದರೆ ಜಪ್ತಿ ಪಟ್ಟಿಯ ನಕಲು ಕೇಳಿ ಪಡೆಯಬೇಕು. ಸಂಜೆ ಕೆಲಸ ಬಿಟ್ಟ ಮೇಲೆ ಕತ್ತಿ ತೋಟದ ಗೋದಾಮಿನಲ್ಲೇ ಉಳಿಯುವುದು ಒಳ್ಳೆಯದು. ಪೊಲೀಸ್ ಕಾಯ್ದೆಯ 96ನೇ ಕಲಂ ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಅನುಮಾನಾಸ್ಪದವಾಗಿ ಕಂಡವರ ಮೇಲಿನದು, ಕ್ವಾರ್ಟರ್ ಹಾಕಿಕೊಂಡು ರಾತ್ರಿ ಎಂಟಕ್ಕೆ ಕತ್ತಿ ಹಿಡಿದು ಪೇಟೆಯಲ್ಲಿ ನಿಂತವನ ಪರ ಯಾವ ಸಾಹುಕಾರರೂ ಮಾತಾಡಲಾರರು.

ಮಹಾನವಮಿಗೆ ನಾವು ಕತ್ತಿ, ಗುದ್ದಲಿ, ಜೀಪು, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಎಲ್ಲಕ್ಕೂ ಕುಂಕುಮ ಇಟ್ಟು ಆಯುಧಪೂಜೆ ಎನ್ನುತ್ತೇವೆ. ಠಾಣೆಯಲ್ಲೂ ಅದೇ ದಿನ ರೈಫಲ್ಲಿಗೆ ಹೂ ಮುಡಿಸುತ್ತಾರೆ. ಆವತ್ತು ಇಲ್ಲದ ಗೊಂದಲ ಏಪ್ರಿಲ್‌ನಲ್ಲಿ ಯಾಕೆ ಬರುತ್ತದೋ.

ಕೊನೆಯದಾಗಿ ಪತ್ರಿಕೆಗಳಿಗೂ ಒಂದು ಕೋರಿಕೆ. ಠಾಣೆಯ ಪ್ರಕಟಣೆಯಲ್ಲಿ ‘ಮಾರಕಾಸ್ತ್ರ ವಶ’ ಎಂದಿದ್ದರೆ ಅದನ್ನೇ ತಲೆಬರಹಕ್ಕೆ ಏರಿಸುವ ಮುನ್ನ ಜೊತೆಗೆ ಬಂದ ಫೋಟೊವನ್ನು ದೊಡ್ಡದು ಮಾಡಿ ನೋಡಿ. ತುದಿ ಒಳಕ್ಕೆ ಬಾಗಿದ್ದು, ಹಿಡಿ ಮರದ್ದಾಗಿ, ಅಲಗಿನ ಮೇಲೆ ಸೊನೆ ಒಣಗಿದ್ದರೆ ಕತ್ತಿ ಎಂದೇ ಬರೆಯಿರಿ. ಹಿಡಿದವನು ಯಾವ ತೋಟದ ಕೆಲಸಕ್ಕೆ ಹೊರಟಿದ್ದ ಎಂದು ಠಾಣೆಗೆ ಒಂದು ಫೋನ್ ಮಾಡಿ ಕೇಳಿ.

— ಸಕಲೇಶಪುರ ತಾಲ್ಲೂಕಿನ ಕೆಲವು ಕಾಫಿ ಬೆಳೆಗಾರರು ಮತ್ತು ಮರಗಸಿ ಮೇಸ್ತ್ರಿಗಳು