ಒಂದೂ ಐಜಿಬಿಟಿ ಸುಡದ ಹಂಗಾಮು: ನೆರವಾದವರಿಗೆಲ್ಲ ಶರಣು

ಕಾಯಿಲಿನ ಕರೆಂಟಿನಿಂದ ಉಕ್ಕು ಕಾಯಿಸಿ ಕುಂಟೆಯ ಕುಡಗಳಿಗೆ ಹದ ಕೊಡುವ ನಮ್ಮ ಇಂಡಕ್ಷನ್ ಯಂತ್ರ ಈ ಮುಂಗಾರು ಹಂಗಾಮನ್ನು ಒಂದೂ ಐಜಿಬಿಟಿ (ದೊಡ್ಡ ಕರೆಂಟನ್ನು ಸರಸರನೆ ಆನ್-ಆಫ್ ಮಾಡುವ ಎಲೆಕ್ಟ್ರಾನಿಕ್ ಸ್ವಿಚ್ಚು) ಸುಡದೆ ಮುಗಿಸಿತು. ಹುಬ್ಬಳ್ಳಿ ಗೋಕುಲ ರಸ್ತೆಯ ನಮ್ಮ ಶೆಡ್ಡಿನವರೆಲ್ಲರ ಪರವಾಗಿ ಶರಣು. ಯಾರು ಏನು ಮಾಡಿಕೊಟ್ಟರು ಅಂತ ಬಿಡಿಸಿ ಹೇಳದಿದ್ದರೆ ಇದು ಬರೀ ಬಾಯಿಮಾತಾದೀತು.

ದೊಡ್ಡ ಋಣ ಸ್ಕೋಪು (ಕರೆಂಟು, ವೋಲ್ಟೇಜಿನ ಅಲೆ ತೋರಿಸುವ ಯಂತ್ರ), ಡಿಫರೆನ್ಶಿಯಲ್ ಪ್ರೋಬು (ಅರ್ಥ್ ಹಚ್ಚದೆ ಎರಡು ಬಿಂದುಗಳ ನಡುವೆ ಅಳೆಯುವ ಕಡ್ಡಿ) ಹೊತ್ತು ತಂದ ಕಾಲೇಜಿನ ಸರ್ ಅವರದು. 415 ವೋಲ್ಟ್ ತ್ರೀ ಫೇಸ್ ರೆಕ್ಟಿಫೈ ಆದರೆ ಬಸ್ಸಿನಲ್ಲಿ, ಅಂದರೆ ಯಂತ್ರದೊಳಗಿನ ಡಿಸಿ ಪಟ್ಟಿಯಲ್ಲಿ, ಸುಮಾರು 585 ವೋಲ್ಟ್ ಡಿಸಿ. ಸಾದಾ ಪ್ರೋಬಿನ ಅರ್ಥ್ ಕ್ಲಿಪ್ ಅಲ್ಲಿ ಹಚ್ಚುವ ಹಾಗೇ ಇಲ್ಲ. ಅಳೆದಾಗ ಐಜಿಬಿಟಿ ಸುಡುವ ಕಾರಣ ಕಣ್ಣಿಗೇ ಬಿತ್ತು. ಉಕ್ಕು ಸುಮಾರು 770 ಡಿಗ್ರಿ ದಾಟಿದರೆ ಅಯಸ್ಕಾಂತ ಗುಣ ಬಿಡುತ್ತದೆ, ಕಾಯಿಲಿನ ಇಂಡಕ್ಟನ್ಸ್ ಇಳಿಯುತ್ತದೆ. 0.44 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್ ಬ್ಯಾಂಕಿಗೆ ಇಂಡಕ್ಟನ್ಸ್ 100ರಿಂದ 64 ಮೈಕ್ರೋಹೆನ್ರಿಗೆ ಬಂದರೆ ರೆಸೊನನ್ಸ್ (ಕಾಯಿಲು, ಕೆಪ್ಯಾಸಿಟರು ಕೂಡಿ ತಾವಾಗಿ ತೂಗುವ ಆವರ್ತನ) 24 ಕಿಲೋಹರ್ಟ್ಸ್‌ನಿಂದ 30ಕ್ಕೆ ಏರುತ್ತದೆ. ಐಜಿಬಿಟಿಗಳನ್ನು ಆನ್-ಆಫ್ ಮಾಡುವ ಡ್ರೈವ್ ಮಾತ್ರ 26ರಲ್ಲೇ ಗಟ್ಟಿಯಾಗಿ ಕೂತಿದ್ದರೆ ರೆಸೊನನ್ಸಿನ ಕೆಳಗೆ ಬಿತ್ತು ಅಂತಲೇ ಲೆಕ್ಕ. ಆಗ ಮೇಲಿನ ಐಜಿಬಿಟಿ ಆನ್ ಆಗುವ ಹೊತ್ತಿಗೆ ಕೆಳಗಿನದರ ಡಯೋಡು ಇನ್ನೂ ಕರೆಂಟು ಹರಿಸುತ್ತಿರುತ್ತದೆ. ಅದರ ರಿವರ್ಸ್ ರಿಕವರಿ (ಆಫ್ ಆಗುವಾಗ ಡಯೋಡಿನಲ್ಲಿ ಕ್ಷಣಕಾಲ ಉಲ್ಟಾ ಹರಿಯುವ ಕರೆಂಟು) ಹೊಡೆತಕ್ಕೆ ಐಜಿಬಿಟಿ ಮಾಡ್ಯೂಲು ಹಾರುತ್ತದೆ. ಕುಡ ಕೆಂಪಗಾದ ಮೇಲೇ ಸುಡುವುದು ಇದಕ್ಕೇ.

4046 ಚಿಪ್ಪಿನ ಪಿಎಲ್ಎಲ್ (ಡ್ರೈವನ್ನು ರೆಸೊನನ್ಸಿನ ಬೆನ್ನಿಗೇ ಓಡಿಸುವ ಸರ್ಕಿಟ್) ಕೂಡಿಸಿಕೊಟ್ಟ ತಮ್ಮನಿಗೆ ಥ್ಯಾಂಕ್ಸ್ ರೀ. ಶುರು 36 ಕಿಲೋಹರ್ಟ್ಸ್‌ನಿಂದ, ಮೇಲಿಂದ ಕೆಳಗೇ ಇಳಿಸುವುದು. ಕರೆಂಟು ವೋಲ್ಟೇಜಿಗಿಂತ 10-15 ಡಿಗ್ರಿ ಹಿಂದೆ ಉಳಿದಲ್ಲಿ ನಿಲ್ಲಿಸುವುದು. ಐಜಿಬಿಟಿಗೆ ಆನ್-ಆಫ್ ಸಂಕೇತ ಒಯ್ಯುವ ಗೇಟ್ ತಂತಿಗಳನ್ನು ಗಿಡ್ಡ ಮಾಡಿ ಹುರಿ ಹಾಕಿದ್ದೂ, ವೋಲ್ಟೇಜಿನ ಜಿಗಿತ ತಡೆಯುವ ಸ್ನಬರ್ ಕೆಪ್ಯಾಸಿಟರನ್ನು ಮಾಡ್ಯೂಲಿನ ಟರ್ಮಿನಲ್ ಮೇಲೇ ಬಿಗಿದದ್ದೂ ಅವನೇ.

ಮೊದಲ ಚಾಲೂಗೆ, ಏನಾದರೂ ತಪ್ಪಿದ್ದರೆ ಕರೆಂಟು ಮಿತಿಯಲ್ಲಿರಲಿ ಅಂತ, ಡಿಸಿ ಬಸ್ಸಿಗೆ ಮೂರು 200 ವ್ಯಾಟ್ ಬಲ್ಬು ಸಿರೀಸ್ ಹಾಕಿಸಿದ ವೈಂಡಿಂಗ್ ಕಾಕಾ ಅವರಿಗೂ, ತಾಮ್ರದ ಕಾಯಿಲು ಬ್ರೇಜಿಂಗ್ ಮಾಡಿದ ಅಣ್ಣನಿಗೂ ನಮಸ್ಕಾರ. ಬೋರ್‌ವೆಲ್ ನೀರು ಬೇಡ, ಕೊಳವೆಯೊಳಗೆ ಸುಣ್ಣ ಕಟ್ಟುತ್ತದೆ, ತಂಪಿಗೆ ಡಿಎಂ (ಲವಣ ತೆಗೆದ) ನೀರೇ ಸುತ್ತಲಿ ಅಂತ ಹಟ ಹಿಡಿದವರೂ ಅಣ್ಣನೇ. ಮಳೆಗಾಲದಲ್ಲಿ ಆ ನೀರನ್ನು ಬಹಳ ತಣ್ಣಗೂ ಮಾಡಬಾರದು, ಐಜಿಬಿಟಿ ತಂಪಿಡುವ ಹೀಟ್‌ಸಿಂಕಿನ ಮೇಲೆ ಹನಿ ಕೂಡುತ್ತದೆ.

ನಕ್ಷೆ ಶೆಡ್ಡಿನಲ್ಲಿದೆ, ಬೇಕಾದವರು ಬಂದು ಒಯ್ಯಿರಿ. ಮುಚ್ಚಳ ತೆಗೆಯುವ ಮುಂಚೆ ಬಸ್ ಕೆಪ್ಯಾಸಿಟರಿಗೆ ಮೀಟರ್ ಹಚ್ಚಿ ನೋಡ್ರಿ, ಮೇನ್ ಸ್ವಿಚ್ ಆಫ್ ಆಗಿದ್ದರೂ ಅದರಲ್ಲಿ ವೋಲ್ಟೇಜು ಉಳಿದಿರಬಹುದು.