ಎಣಿಸದೆ ಬರೆಯಬೇಡ

ಪ್ರೀತಿಯ ತಂಗಿ,

ಅಮೆರಿಕದ ‘ಸ್ಟಾರ್ಮಿ ವೆದರ್’ (ಬಿರುಗಾಳಿ ಹವೆ) ಹಾಡು ಹುಟ್ಟಿದ ಬಗ್ಗೆ ನೀನು ಬರೆದ ಹನ್ನೆರಡು ಪುಟ ಓದಿದೆ. ಕಾಗುಣಿತ, ಪ್ಯಾರಾ ಎಲ್ಲ ಆಮೇಲೆ ನೋಡಿಕೊಳ್ಳೋಣ. ಕೊನೆಗೆ ‘ಇನ್ನು ನನ್ನ ಕೈಲಾಗದು’ ಎಂದು ಗೀಚಿದ್ದೀಯಲ್ಲ, ಅದು ಮನಸ್ಸಿಗೆ ನಾಟಿತು. ಆಗುತ್ತದೆ. ನೀನು ಕೂತು ಎಣಿಸಿಲ್ಲ, ಅಷ್ಟೇ.

ಮೂರನೇ ಪುಟದಲ್ಲಿ ಈ ಹಾಡಿಗೆ 32 ಬಾರ್ ಎಂದಿದ್ದೀಯ. ಆ ಕಾಲದ ಹೆಚ್ಚಿನ ಹಾಡುಗಳು ಹಾಗಿದ್ದವು ನಿಜ, ಇದು ಹಾಗಲ್ಲ. ಬಾರ್ ಅಂದರೆ ಅವರ ಸಂಗೀತದ ತಾಳದ ಅಳತೆ; ಇಲ್ಲಿ ಒಂದೊಂದು ಬಾರ್‌ಗೆ ನಾಲ್ಕು ಎಣಿಕೆ, ನಮ್ಮ ಆದಿತಾಳದ ಒಂದು ಆವರ್ತಕ್ಕೆ ಎಂಟು, ಅಂದರೆ ಎರಡು ಬಾರ್. ತೊಡೆಯ ಮೇಲೆ ಆದಿತಾಳ ಹಾಕುತ್ತ ಕೇಳು. ಮೊದಲಿನ ವಾದ್ಯಭಾಗ ಸೇರಿಸಿದರೆ ಲೆಕ್ಕ ತಪ್ಪುತ್ತದೆ, ಹಾಡು ಎತ್ತಿಕೊಂಡಲ್ಲಿಂದ ಶುರುಮಾಡು. ಮೊದಲ ಭಾಗ ನಾಲ್ಕು ಆವರ್ತಕ್ಕೆ ಮುಗಿಯುತ್ತದೆ. ಅದೇ ಧಾಟಿ ಎರಡನೇ ಸಲ ಬಂದಾಗ ಐದು. ನಡುವಿನದು ನಾಲ್ಕು, ಕೊನೆಯದು ಮತ್ತೆ ಐದು. ಒಟ್ಟು ಹದಿನೆಂಟು ಆವರ್ತ, 36 ಬಾರ್. ಹೆಚ್ಚಾದ ಆ ಒಂದೊಂದು ಆವರ್ತದಲ್ಲಿ ಹೊಸ ಮಾತಿಲ್ಲ. ಹಾಡಿನಲ್ಲಿರುವ ದಣಿದ ಹೆಣ್ಣು ಹೇಳಿದ್ದನ್ನೇ ಮತ್ತೆ ಹೇಳುತ್ತಾಳೆ. ನಿನ್ನ ಹನ್ನೆರಡು ಪುಟದ ಜೀವ ಅಲ್ಲಿತ್ತು ಕಣೇ, ದಾಟಿ ಹೋಗಿಬಿಟ್ಟೆ!

ತಾರೀಖೂ ಹಾಗೇ. ಹಾಡು ಮೊದಲು ಕೇಳಿಸಿದ್ದು ನ್ಯೂಯಾರ್ಕಿನ ಕಾಟನ್ ಕ್ಲಬ್ಬಿನ ವೇದಿಕೆಯಲ್ಲಿ ಎಂದು ಬರೆದಿದ್ದೀಯ. ರಾಗ ಕಟ್ಟಿದ ಹೆರಾಲ್ಡ್ ಆರ್ಲೆನ್ ತಾನೇ ಹಾಡಿ, ಲಿಯೋ ರೈಸ್‌ಮನ್ ವಾದ್ಯವೃಂದದೊಂದಿಗೆ ಧ್ವನಿಮುದ್ರಿಸಿದ್ದು 1933ರ ಫೆಬ್ರುವರಿ 28ರಂದು. ಕ್ಲಬ್ಬಿನ ರೆವ್ಯೂ, ಅಂದರೆ ಹಾಡು ಕುಣಿತದ ಪ್ರದರ್ಶನ, ಶುರುವಾದದ್ದು ಏಪ್ರಿಲ್‌ನಲ್ಲಿ. ಆರ್ಲೆನ್ ಮತ್ತು ಸಾಹಿತ್ಯ ಬರೆದ ಟೆಡ್ ಕೇಲರ್ ಮನಸ್ಸಿನಲ್ಲಿದ್ದ ಗಾಯಕ ಕ್ಯಾಬ್ ಕ್ಯಾಲೊವೇ. ಆದರೆ ಆ ಸಲ ಕ್ಲಬ್ಬಿನಲ್ಲಿದ್ದದ್ದು ಡ್ಯೂಕ್ ಎಲಿಂಗ್ಟನ್ ತಂಡ, ಹಾಡಿದವಳು ಎಥೆಲ್ ವಾಟರ್ಸ್. ಅರ್ಧ ಗಂಟೆಯಲ್ಲಿ ಹಾಡು ಹುಟ್ಟಿತೆಂಬ ಕಥೆಗೆ ನೀನು ಎರಡು ಪುಟ ಕೊಟ್ಟಿದ್ದೀಯ, ಒಂದು ಸಾಲು ಸಾಕು.

ವಾಟರ್ಸ್‌ಳನ್ನು ನೋಡು. ಬಿರುಗಾಳಿಯ ಸದ್ದು ಮಾಡುವ ಯಂತ್ರಗಳನ್ನು ಕ್ಲಬ್ಬಿನವರು ತಂದಾಗ, ಹಾಡಿಗೆ ಬೇಕಾದದ್ದು ಮನುಷ್ಯರ ನೋವು, ಯಂತ್ರದ ಗದ್ದಲ ಅಲ್ಲ ಅಂದಳು. ದೀಪದ ಕಂಬದ ಕೆಳಗೆ ನಿಂತು ಹಾಡಿದಳು. ನಿನ್ನ ಐದನೇ ಪುಟದ ‘ಹೃದಯವಿದ್ರಾವಕ’, ‘ಅಮರ’, ‘ಮಾಂತ್ರಿಕ’ ಆ ಯಂತ್ರಗಳೇ. ತೆಗೆ.

ಇನ್ನೊಂದು, ಇದಕ್ಕೆ ನನಗೆ ಹಳೆಯ ಸಿಟ್ಟಿದೆ. ಕ್ಲಬ್ಬಿನ ಝಗಮಗ ಎಲ್ಲರೂ ಬರೆಯುತ್ತಾರೆ, ಬಾಗಿಲು ಬರೆಯುವುದಿಲ್ಲ. ನ್ಯೂಯಾರ್ಕಿನ ಕಪ್ಪು ಜನರ ಬಡಾವಣೆ ಹಾರ್ಲೆಮ್ಮಿನ ನಡುವೆ, ಕಪ್ಪು ಜನ ಹಾಡಿ ಕುಣಿದು ದುಡಿಯುತ್ತಿದ್ದ ಜಾಗ; ಒಳಗೆ ಕೂತು ನೋಡುವ ಹಕ್ಕು ಬಿಳಿಯರದ್ದು. ನೀನೂ ಬಿಟ್ಟಿದ್ದೀಯ. ಅದು ಮೊದಲ ಪುಟಕ್ಕೇ ಬರಬೇಕು.

ಸದ್ಯಕ್ಕೆ ಎಣಿಸಿ, ಮೂರನೇ ಪುಟ ಮಾತ್ರ ತಿದ್ದಿ ಕಳಿಸು.

ನಿನ್ನ ಅಕ್ಕ